ವಿಮಾನ ಕಂಪನಿಯ ಆಟ: ಮಾರ್ಗದ ಬೇಡಿಕೆಯನ್ನು ಲೆಕ್ಕ ಹಾಕುವುದು ಹೇಗೆ?

ಬೇಸಿಗೆ ರಜೆಗೆಂದು ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಬಂದಿದ್ದ ನನ್ನ ಅಕ್ಕನ ಮಗ, ಮೊಬೈಲಿನಲ್ಲಿ ವಿಮಾನ ಕಂಪನಿ ನಡೆಸುವ ಆಟವನ್ನು ಆರಂಭಿಸಿ ಮೂರೇ ದಿನಕ್ಕೆ ದಿವಾಳಿಯಾದ. ಸೋಗಾನೆಯಲ್ಲಿರುವ ಶಿವಮೊಗ್ಗ ವಿಮಾನ ನಿಲ್ದಾಣದ ರನ್‌ವೇ 3,200 ಮೀಟರ್ ಉದ್ದವಿರುವಾಗ ದೊಡ್ಡ ವಿಮಾನವನ್ನೇ ಏಕೆ ಓಡಿಸಬಾರದು ಎಂಬುದು ಅವನ ವಾದವಾಗಿತ್ತು. ವಿಮಾನ ಇಳಿಯುವುದು ಬೇರೆ, ಅದು ತುಂಬುವುದು ಬೇರೆ. 2023ರ ಆಗಸ್ಟ್ 31ರಂದು ಬೆಂಗಳೂರಿನಿಂದ ಇಲ್ಲಿಗೆ ಮೊದಲು ಬಂದ ಪ್ರಯಾಣಿಕ ವಿಮಾನವೂ ಎಟಿಆರ್ ಎಂಬ ಚಿಕ್ಕ ಪ್ರೊಪೆಲ್ಲರ್ ವಿಮಾನವೇ ಆಗಿತ್ತು.

ಮೊದಲು ಎರಡು ಊರುಗಳನ್ನು ಆರಿಸಿ, ಮಾರ್ಗದ ಪುಟವನ್ನು ತೆರೆಯಿರಿ.

ಎಲ್ಲರೂ ಎಡವುವುದು ಮುಂದಿನ ಹಂತದಲ್ಲಿ. ಅಲ್ಲಿ ಕಾಣುವ ಬೇಡಿಕೆ, ಅಂದರೆ ಪ್ರಯಾಣಿಸಲು ಬಯಸುವವರ ಸಂಖ್ಯೆ, ಸಾಮಾನ್ಯವಾಗಿ ಇಡೀ ದಿನದ್ದೇ ಹೊರತು ಒಂದು ಹಾರಾಟದ್ದಲ್ಲ. ಅದು ಒಂದು ದಿಕ್ಕಿನದೋ ಎರಡೂ ದಿಕ್ಕಿನದೋ ಎಂಬುದನ್ನು ಆಟದ ಸಹಾಯ ಪುಟದಲ್ಲಿ ಖಚಿತಪಡಿಸಿಕೊಳ್ಳಿ. ಒಂದು ದಿಕ್ಕಿಗೆ ದಿನಕ್ಕೆ 320 ಜನ ಎಂದಿಟ್ಟುಕೊಳ್ಳೋಣ. 180 ಸೀಟಿನ ವಿಮಾನ ಮೊದಲ ಟ್ರಿಪ್ಪಿನಲ್ಲಿ ತುಂಬುತ್ತದೆ, ಎರಡನೆಯದರಲ್ಲಿ 140 ಜನ ಹತ್ತುತ್ತಾರೆ, ಮೂರನೆಯದು ಇಂಧನ ಸುಟ್ಟುಕೊಂಡು ಖಾಲಿ ಹೋಗುತ್ತದೆ. ಅದೇ 78 ಸೀಟಿನ ಎಟಿಆರ್ ನಾಲ್ಕು ಟ್ರಿಪ್ ಹಾಕಿದರೆ 312 ಜನರನ್ನು ಒಯ್ಯುತ್ತದೆ. ಬೆಳಗಿನ ತೀರ್ಥಹಳ್ಳಿ ಬಸ್ಸಿನಲ್ಲಿ ನಿಲ್ಲಲೂ ಜಾಗವಿಲ್ಲವೆಂದು ಮಧ್ಯಾಹ್ನಕ್ಕೆ ಇನ್ನೂ ಮೂರು ಬಸ್ಸು ಬಿಡುವವರುಂಟೇ? ಅದೇ ಮಾರ್ಗಕ್ಕೆ ಎರಡನೆಯ ವಿಮಾನವನ್ನು ಹಾಕಿದರೂ ಬೇಡಿಕೆ ಹೆಚ್ಚುವುದಿಲ್ಲ, ಇದ್ದದ್ದೇ ಹಂಚಿಹೋಗುತ್ತದೆ.

ಯೂಟ್ಯೂಬಿನ ‘ಗುಪ್ತ ಮಾರ್ಗಗಳ ಪಟ್ಟಿ’ಗಳನ್ನು ನಂಬಬೇಡಿ. ಆಟಗಾರರೆಲ್ಲ ಒಂದೇ ಬೇಡಿಕೆಯನ್ನು ಹಂಚಿಕೊಳ್ಳುವ ಆಟವಾದರೆ, ನೀವು ತಲುಪುವ ಹೊತ್ತಿಗೆ ಅಲ್ಲಿ ಪ್ರಯಾಣಿಕರೇ ಉಳಿದಿರುವುದಿಲ್ಲ. ದುಡ್ಡು ಕೊಟ್ಟು ಕೊಳ್ಳುವ ಪಾಯಿಂಟ್ ಪ್ಯಾಕುಗಳಂತೂ ಶುದ್ಧ ದಂಡ.

ಸೀಟುಗಳನ್ನು ವಿಂಗಡಿಸುವಾಗ ಒಂದು ಎಚ್ಚರಿಕೆ: ಕೆಲವು ಆಟಗಳಲ್ಲಿ ಒಂದು ಬಿಸಿನೆಸ್ ಸೀಟು ಎರಡು ಎಕಾನಮಿ ಸೀಟುಗಳ ಜಾಗವನ್ನು, ಫಸ್ಟ್ ಕ್ಲಾಸ್ ಸೀಟು ಮೂರರ ಜಾಗವನ್ನು ನುಂಗುತ್ತದೆ. ಆದ್ದರಿಂದ ಬಿಸಿನೆಸ್ ದರ ಎಕಾನಮಿಯ ಎರಡು ಪಟ್ಟಿಗಿಂತ ಹೆಚ್ಚಿಲ್ಲದಿದ್ದರೆ ಅದರ ಗೊಡವೆಯೇ ಬೇಡ. ಸಣ್ಣ ಮಾರ್ಗಗಳಲ್ಲಿ ನಾನು ಎಕಾನಮಿಯೊಂದನ್ನೇ ಇಡುತ್ತೇನೆ.

ಟಿಕೆಟ್ ದರವನ್ನು ಆಟ ಸೂಚಿಸಿದ್ದಕ್ಕಿಂತ ತುಸುವೇ ಏರಿಸಿ.

ಕೊನೆಗೆ, ದಿನದ ಕಡೆಯ ಟ್ರಿಪ್ಪಿನ ಲೆಕ್ಕವನ್ನು ನೋಡಿ. ಅರ್ಧಕ್ಕಿಂತ ಹೆಚ್ಚು ಸೀಟು ಸತತ ಎರಡು ದಿನ ಖಾಲಿ ಇದ್ದರೆ, ಆ ಟ್ರಿಪ್ಪನ್ನು ರದ್ದುಮಾಡಿ ವಿಮಾನವನ್ನು ಬೇರೆ ಊರಿಗೆ ತಿರುಗಿಸಿ.