ಮೂತ್ರದಲ್ಲಿ ಎಲ್‌ಟಿಇ4 ಅಳೆದದ್ದು: ನನ್ನ ಅನುಭವ

ಅನಾಫಿಲ್ಯಾಕ್ಸಿಸ್ (ಜೀವಕ್ಕೇ ಅಪಾಯ ತರುವ ಅಲರ್ಜಿ ಪ್ರತಿಕ್ರಿಯೆ) ಆಗಿತ್ತೇ ಎಂದು ಆಮೇಲೆ ಖಚಿತಪಡಿಸಲು ಟ್ರಿಪ್ಟೇಸ್ (ಆಗ ರಕ್ತಕ್ಕೆ ಬರುವ ಕಿಣ್ವ) ಇದ್ದರೆ ಸಾಕು, ಲಿಪಿಡ್ (ಕೊಬ್ಬಿನ ಜಾತಿಯ ಅಣು) ಹಿಂದೆ ಬಿದ್ದರೆ ದುಡ್ಡು ದಂಡ ಅಂದವರೇ ಜಾಸ್ತಿ. ಆದರೆ ಆಹಾರದಿಂದಾದ ಎಷ್ಟೋ ಕೇಸುಗಳಲ್ಲಿ ಟ್ರಿಪ್ಟೇಸ್ ಏರುವುದೇ ಇಲ್ಲ. ಅದಕ್ಕೇ ನಾನು ಲಿಪಿಡ್ ಹಿಂದೆ ಬಿದ್ದೆ.

ದುಡ್ಡು ಮೊದಲು ಹೋದದ್ದು ಪಿಎಎಫ್‌ಗೆ (ಪ್ಲೇಟ್‌ಲೆಟ್ ಆಕ್ಟಿವೇಟಿಂಗ್ ಫ್ಯಾಕ್ಟರ್ ಎಂಬ ಲಿಪಿಡ್). ಪ್ರತಿಕ್ರಿಯೆ ತೀವ್ರವಾದಷ್ಟೂ ರಕ್ತದಲ್ಲಿ ಪಿಎಎಫ್ ಹೆಚ್ಚು ಎಂದು 2008ರಲ್ಲಿ ಟೊರಾಂಟೊದ ಪೀಟರ್ ವಡಾಸ್ ತಂಡ ತೋರಿಸಿತ್ತು. ಆದರೆ ರಕ್ತದ ಕಿಣ್ವ ಅದನ್ನು ನಿಮಿಷಗಳಲ್ಲಿ ಒಡೆದುಹಾಕುತ್ತದೆ. ಆ ಕಿಣ್ವವನ್ನು ತಡೆಯಲು ರಕ್ತ ತೆಗೆದ ತಕ್ಷಣ ಆಮ್ಲ ಬೀಳಬೇಕು; ಅಡ್ರಿನಲಿನ್ ಕೊಡುತ್ತಿರುವ ನರ್ಸ್ ಕೈಯಲ್ಲಿ ಅದನ್ನು ಮಾಡಿಸಲಾಗದು. ಇನ್ನೊಂದು ಏಟು ಅಣುಗಳನ್ನೂ ಅವುಗಳ ತುಂಡುಗಳನ್ನೂ ತೂಕದಿಂದ ಗುರುತಿಸುವ ಮಾಸ್ ಸ್ಪೆಕ್‌ನಲ್ಲಿ ಬಿತ್ತು. ಸಿ16 ಪಿಎಎಫ್ 524 ತೂಕದಿಂದ 184ರ ತುಂಡಿಗೆ ಒಡೆಯುತ್ತದೆ, 18:0 ಲೈಸೊ ಪಿಸಿ ಎಂಬ ಬೇರೊಂದು ಲಿಪಿಡ್ ಕೂಡ ಹಾಗೆಯೇ, ಅದೂ ರಕ್ತದಲ್ಲಿ ರಾಶಿ ರಾಶಿ ಇರುತ್ತದೆ. ಸುಮಾರು ಎರಡು ತಿಂಗಳು ಅಳೆದದ್ದೆಲ್ಲ ಆ ಲೈಸೊ ಪಿಸಿಯನ್ನೇ. ಮಾಸ್ ಸ್ಪೆಕ್‌ಗೆ ಮೊದಲು ಅಣುಗಳನ್ನು ಬೇರ್ಪಡಿಸುವ ಕಾಲಂನಲ್ಲಿ ಎರಡೂ ಬೇರೆಯಾಗದಿದ್ದರೆ ಆ ಅಂಕಿ ನಂಬಬೇಡಿ.

ಕೊನೆಗೆ ಕೈಹಿಡಿದದ್ದು ಮೂತ್ರ. ಅಲರ್ಜಿಯಲ್ಲಿ ಬಿಡುಗಡೆಯಾಗುವ ಸಿಸ್ಟೀನೈಲ್ ಲ್ಯೂಕೋಟ್ರೈನ್ ಎಂಬ ಲಿಪಿಡ್‌ಗಳು ಎಲ್‌ಟಿಇ4 (ಲ್ಯೂಕೋಟ್ರೈನ್ ಇ4) ಆಗಿ ಅಲ್ಲಿ ಬಂದು ಸೇರುತ್ತವೆ. 2 ಎಂಎಲ್ ಮೂತ್ರಕ್ಕೆ ಬೇರೇನೂ ಮಾಡುವ ಮೊದಲೇ 1 ನ್ಯಾನೊಗ್ರಾಂ ಡಿ5 ಸ್ಟ್ಯಾಂಡರ್ಡ್ (ಐದು ಹೈಡ್ರೋಜನ್ ಬದಲು ಡ್ಯುಟೀರಿಯಂ ಇರುವ, 5ರಷ್ಟು ತೂಕ ಹೆಚ್ಚಿನ ಎಲ್‌ಟಿಇ4) ಹಾಕಬೇಕು. ಕೊನೆಯಲ್ಲಿ ಹಾಕಿದರೆ ದಾರಿಯಲ್ಲಿ ಕಳೆದದ್ದು ಲೆಕ್ಕಕ್ಕೆ ಸಿಗುವುದಿಲ್ಲ. ಆಮೇಲೆ ಅಸಿಟಿಕ್ ಆಮ್ಲದಿಂದ ಪಿಎಚ್ 4ರ ಆಸುಪಾಸಿಗೆ ತಂದು, ಮೆಥನಾಲ್ ಮತ್ತು ನೀರಿನಿಂದ ಹದ ಮಾಡಿದ, ಎಲ್‌ಟಿಇ4 ಹಿಡಿದುಕೊಳ್ಳುವ ಸಿ18 ಕಾರ್ಟ್ರಿಜ್‌ನಲ್ಲಿ ಹನಿಹನಿಯಾಗಿ ಇಳಿಸಿ. ತೊಳೆಯುವ ನೀರಿಗೆ ಸ್ವಲ್ಪ ಮೆಥನಾಲ್ ಬೇಕು. ಎಷ್ಟು ಎನ್ನುವುದನ್ನು ನಾನಿಲ್ಲಿ ಬರೆಯುವುದಿಲ್ಲ, ಬಣ್ಣ ಇಳಿಯುವುದನ್ನು ನೋಡಿ ನೀವೇ ಹೊಂದಿಸಿಕೊಳ್ಳಿ. 1 ಎಂಎಲ್ ಶುದ್ಧ ಮೆಥನಾಲ್‌ನಲ್ಲಿ ಇಳಿಸಿಕೊಂಡು ನೈಟ್ರೋಜನ್ ಅಡಿ ಒಣಗಿಸಿ, ಮಾಸ್ ಸ್ಪೆಕ್‌ನಲ್ಲಿ ಎಲ್‌ಟಿಇ4ಗೆ 438ರಿಂದ 333 ನೋಡಿ. ಡಿ5ಗೆ 443ರಿಂದ 338.

ಒಮ್ಮೆ ಇಳಿಸುವ ಮೆಥನಾಲ್‌ಗೂ ಆಮ್ಲ ಬೆರೆಸಿ ರಾತ್ರಿಯಿಡೀ ಬಿಟ್ಟಿದ್ದೆ. ಬೆಳಿಗ್ಗೆ 438 ಕುಗ್ಗಿ, 14 ಹೆಚ್ಚಿಗೆ 452ರಲ್ಲಿ ಹೊಸ ಪೀಕ್ ಎದ್ದಿತ್ತು. ಅದು ಎಲ್‌ಟಿಇ4 ಮೆಥನಾಲ್ ಜೊತೆ ಸೇರಿ ಆದ ಮಿಥೈಲ್ ಎಸ್ಟರ್. ಬೆಳಕಿಗೆ ಬಿಟ್ಟರೆ ಅದೇ ತೂಕದ, ಆಕಾರ ಬದಲಾದ 11-ಟ್ರಾನ್ಸ್ ರೂಪ ಪಕ್ಕದಲ್ಲೇ ಏಳುತ್ತದೆ. ಆದ್ದರಿಂದ ಅಂಬರ್ ವಯಲ್ ಬೇಕೇ ಬೇಕು. ಡಿ5ನ ಒಂದು ಪುಟ್ಟ ಬಾಟಲಿಗೆ ನೆನಪಿದ್ದಂತೆ 50 ಸಾವಿರದ ಹತ್ತಿರ ಹೋಯಿತು. ಬಂದ ದಿನವೇ ಭಾಗ ಮಾಡಿ ಮೈನಸ್ 80ರಲ್ಲಿಡಿ, ಪದೇಪದೇ ಕರಗಿಸಬೇಡಿ.

ಒಂಟಿ ಅಂಕಿಯಿಂದ ಏನೂ ಹೇಳಲಾಗದು. ಸಿಗರೇಟು ಸೇದುವವರಲ್ಲಿ, ಆಸ್ಪಿರಿನ್ ಆಗದ ಆಸ್ತಮಾದವರಲ್ಲಿ ಎಲ್‌ಟಿಇ4 ಮೊದಲೇ ಎತ್ತರ. ಘಟನೆಯಾದ ಕೆಲ ಗಂಟೆಗಳ ಮೂತ್ರ ಒಂದು, ಅದೇ ರೋಗಿ ಚೇತರಿಸಿಕೊಂಡ ಮೇಲೆ ಇನ್ನೊಂದು, ಮೂತ್ರ ತೆಳುವೋ ಗಟ್ಟಿಯೋ ಎಂಬ ವ್ಯತ್ಯಾಸ ಹೋಗಲು ಎರಡನ್ನೂ ಕ್ರಿಯಾಟಿನಿನ್‌ನಿಂದ ಭಾಗಿಸಿ ಪಕ್ಕಪಕ್ಕ ಇಟ್ಟೆ. ಟ್ರಿಪ್ಟೇಸ್ ಏರದ ಕೇಸುಗಳಲ್ಲೂ ಏರಿಕೆ ಕಂಡದ್ದು ಹೀಗೆ ಇಟ್ಟಾಗಲೇ. ಅಲರ್ಜಿಯಲ್ಲಿ ಬಿಡುಗಡೆಯಾಗುವ ಇನ್ನೊಂದು ಲಿಪಿಡ್ ಆದ ಪಿಜಿಡಿ2ನ ಮೆಟಬೊಲೈಟ್‌ ಅನ್ನೂ ಅದೇ ಕಾರ್ಟ್ರಿಜ್‌ನಿಂದ ಹಿಡಿಯಲು ನೋಡುತ್ತಿದ್ದೇನೆ. ಪೀಕ್ ಬರುತ್ತಿದೆ, ಬೇಸ್‌ಲೈನ್ ಇನ್ನೂ ಕೂತಿಲ್ಲ.