ಒಂದೇ ಡಿಸ್ಕ್, ಮೂರು ಸರ್ವರ್: ಜಿಎಫ್‌ಎಸ್2 ಜೊತೆ ನನ್ನ ಅನುಭವ

ಸ್ಯಾನ್‌ನ (ಹಲವು ಸರ್ವರ್‌ಗಳಿಗೆ ನೆಟ್‌ವರ್ಕ್ ಮೂಲಕ ಡಿಸ್ಕ್ ಒದಗಿಸುವ ವ್ಯವಸ್ಥೆ) ಒಂದೇ ಡಿಸ್ಕ್ ಮೂರು ಸರ್ವರ್‌ಗೂ ಕಾಣುತ್ತಿತ್ತು. ಹಾಗಂತ ಅದಕ್ಕೆ ಲಿನಕ್ಸ್‌ನ ಮಾಮೂಲಿ ಫೈಲ್ ಸಿಸ್ಟಮ್ ಇಎಕ್ಸ್‌ಟಿ4 ಹಾಕಿ ಮೂರು ಕಡೆಯೂ ಮೌಂಟ್ ಮಾಡುವಂತಿಲ್ಲ, ಅಂದರೆ ಬಳಕೆಗೆ ಜೋಡಿಸುವಂತಿಲ್ಲ. ಪ್ರತಿ ಸರ್ವರ್ರೂ ಡಿಸ್ಕ್ ತನ್ನದೊಂದೇ ಅಂದುಕೊಂಡು ಮೆಟಾಡೇಟಾವನ್ನು (ಯಾವ ಫೈಲ್ ಎಲ್ಲಿದೆ ಅನ್ನುವ ಲೆಕ್ಕ) ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತದೆ. ಒಂದು ಬರೆದದ್ದು ಇನ್ನೊಂದಕ್ಕೆ ಗೊತ್ತೇ ಆಗುವುದಿಲ್ಲ. ಆಮೇಲೆ ಡೇಟಾ ಚಿಂದಿ.

ಒಂದು ಸರ್ವರ್ ಮೂಲಕ ಉಳಿದವಕ್ಕೆ ಫೈಲ್ ಹಂಚುವ ಎನ್‌ಎಫ್‌ಎಸ್ ಸಾಕಾಗುವ ಕಡೆ ಅದನ್ನೇ ಹಾಕಿ, ಸುಮ್ನೆ ತಲೆನೋವು ಬೇಡ. ನಮಗೆ ಮೂರೂ ಸರ್ವರ್ ನೇರವಾಗಿ ಡಿಸ್ಕ್‌ಗೆ ಬರೆಯಬೇಕಿತ್ತು. ಅದಕ್ಕೇ ಜಿಎಫ್‌ಎಸ್2: ಹಲವು ಸರ್ವರ್ ಒಂದೇ ಡಿಸ್ಕನ್ನು ಒಟ್ಟಿಗೆ ಬಳಸಲೆಂದೇ ಇರುವ ಫೈಲ್ ಸಿಸ್ಟಮ್.

ಫಾರ್ಮ್ಯಾಟ್ ಮಾಡುವಾಗ ಸರ್ವರ್‌ಗೊಂದು ಜರ್ನಲ್ (ಮಾಡಲಿರುವ ಬದಲಾವಣೆಯನ್ನು ಮೊದಲು ಬರೆದಿಡುವ ಜಾಗ) ಬೇಕು. ನಾನು 4 ಕೊಟ್ಟೆ, ಒಂದು ಮುಂದಕ್ಕಿರಲಿ ಅಂತ. ಆಗಲೇ ಲಾಕ್ ಟೇಬಲ್ ಆಯ್ಕೆಯಲ್ಲಿ ಕೊಡುವ ಕ್ಲಸ್ಟರ್ (ಸರ್ವರ್‌ಗಳ ಗುಂಪು) ಹೆಸರು, ಸರ್ವರ್‌ಗಳ ನಡುವಿನ ಮಾತುಕತೆ ನಡೆಸುವ ಕೊರೊಸಿಂಕ್‌ನಲ್ಲಿರುವ ಹೆಸರೇ ಆಗಿರಬೇಕು, ಇಲ್ಲದಿದ್ದರೆ ಮೌಂಟ್ ಆಗುವುದಿಲ್ಲ. ಕ್ಲಸ್ಟರ್ ನೋಡಿಕೊಳ್ಳುವ ಪೇಸ್‌ಮೇಕರ್‌ನಲ್ಲಿ ಕೋರಂ (ಸರ್ವರ್‌ಗಳ ಬಹುಮತ) ತಪ್ಪಿದಾಗಿನ ನಿಯಮವನ್ನು 'ಫ್ರೀಜ್' ಮಾಡಿದೆ, ಅಂದರೆ ಬಹುಮತ ಮರಳುವವರೆಗೆ ಇದ್ದದ್ದು ಇದ್ದಂತೆ ಇರಲಿ ಅಂತ.

ಇಷ್ಟು ಅರ್ಧ ದಿನದ ಕೆಲಸ. ಜಾಸ್ತಿ ಹೊತ್ತು ಹಿಡಿದದ್ದು ಫೆನ್ಸಿಂಗ್, ಅಂದರೆ ಕೈಕೊಟ್ಟ ಸರ್ವರ್ ಡಿಸ್ಕ್ ಮುಟ್ಟದಂತೆ ಮಾಡುವುದು. ಒಂದು ಸರ್ವರ್ ಮಾತು ನಿಲ್ಲಿಸಿದರೆ ಅದು ಸತ್ತಿದೆಯೋ, ಬರೀ ನೆಟ್‌ವರ್ಕ್ ಹೋಗಿದೆಯೋ ಉಳಿದವಕ್ಕೆ ತಿಳಿಯುವುದಿಲ್ಲ. ಬದುಕಿದ್ದರೆ ಅದು ಯಾವ ಗಳಿಗೆಯಲ್ಲಾದರೂ ಡಿಸ್ಕ್‌ಗೆ ಬರೆಯಬಹುದು. ಹಾಗಾಗಿ ಮೊದಲು ಅದರ ಪವರ್ ಕಿತ್ತು, ಆಮೇಲೆ ಅದರ ಜರ್ನಲ್ ಓದಿ ಸರಿಪಡಿಸಬೇಕು. ನಮ್ಮಲ್ಲಿ ಪವರ್ ಕೀಳುವ ಕೆಲಸ ಐಪಿಎಂಐಯದು: ಸರ್ವರನ್ನು ದೂರದಿಂದಲೇ ಆಫ್-ಆನ್ ಮಾಡಲು ಅದರೊಳಗೇ ಇರುವ ವ್ಯವಸ್ಥೆ.

ಪರೀಕ್ಷೆಗೆ ಮೂರನೇ ಸರ್ವರ್‌ನ ಕೊರೊಸಿಂಕ್ ಟ್ರಾಫಿಕ್ಕನ್ನು ಫೈರ್‌ವಾಲ್‌ನಲ್ಲಿ ಎರಡೂ ದಿಕ್ಕಿಗೆ ತಡೆದೆ. ಉಳಿದ ಎರಡರಲ್ಲಿ ಹೊಸ ಫೈಲ್ ಬರೆಯಲು ಹೋದರೆ ಕಮಾಂಡ್ ಹಾಗೇ ನಿಂತಿತು. ಜೊತೆಗಿದ್ದವರು 'ಹ್ಯಾಂಗ್ ಆಯ್ತು' ಅಂದರು. ಆಗಲೇಬೇಕು, ಅಲ್ವಾ? ಯಾವ ಸರ್ವರ್ ಯಾವಾಗ ಬರೆಯಬಹುದು ಅನ್ನುವ ಲಾಕ್‌ಗಳನ್ನು ಕೊಡುವುದು ಡಿಎಲ್‌ಎಂ; ಫೆನ್ಸಿಂಗ್ ಮುಗಿಯುವವರೆಗೆ ಅದು ಹೊಸ ಲಾಕ್ ಕೊಡುವುದಿಲ್ಲ. ಮೂರನೆಯದು ರೀಬೂಟ್ ಆಯಿತು, ಕರ್ನಲ್ ಲಾಗ್‌ನಲ್ಲಿ ಜರ್ನಲ್ ರಿಪ್ಲೇ ಸಾಲು ಬಂತು, ಬರಹ ಮುಂದುವರಿಯಿತು.

ಇನ್ನೊಂದು ಪರೀಕ್ಷೆ ಇದಕ್ಕಿಂತ ಮುಖ್ಯ. ಸರ್ವರ್‌ನ ಎರಡೂ ಪವರ್ ಕೇಬಲ್ ಎಳೆದೆ. ಐಪಿಎಂಐ ಬೋರ್ಡಿಗೂ ಕರೆಂಟ್ ಅಲ್ಲಿಂದಲೇ, ಅದೂ ಸತ್ತಿತು. ಫೆನ್ಸಿಂಗ್ ಸೋತಿತು, ಫೈಲ್ ಸಿಸ್ಟಮ್ ಕಲ್ಲಿನಂತೆ ಕೂತಿತು. ಹಾಗಾಗಿ ಎರಡನೇ ಹಂತಕ್ಕೆ ಪಿಡಿಯು (ಸರ್ವರ್‌ಗಳಿಗೆ ಕರೆಂಟ್ ಹಂಚುವ ಔಟ್‌ಲೆಟ್ ಪಟ್ಟಿ) ಫೆನ್ಸಿಂಗ್ ಸೇರಿಸಿದೆ. ಸರ್ವರ್‌ಗೆ ಎರಡು ಪವರ್ ಸಪ್ಲೈ ಇದ್ದರೆ ಎರಡೂ ಔಟ್‌ಲೆಟ್ ಆಫ್ ಆದ ಮೇಲೆಯೇ ಆನ್ ಆಗಬೇಕು. ಒಂದೊಂದಾಗಿ ಆಫ್-ಆನ್ ಮಾಡಿದರೆ ಸರ್ವರ್ ಆರಾಮಾಗಿ ಓಡುತ್ತಲೇ ಇರುತ್ತದೆ!

ವೇಗದ ವಿಷಯಕ್ಕೆ ಎರಡೇ ಕೆಲಸ ಮಾಡಿದೆ: ಮೌಂಟ್‌ಗೆ ನೋಎಟೈಮ್ (ಫೈಲ್ ಓದಿದಾಗಲೆಲ್ಲ ಆ ಸಮಯ ಬರೆಯಬೇಡ ಅನ್ನುವ ಆಯ್ಕೆ) ಕೊಟ್ಟೆ, ಸರ್ವರ್‌ಗೊಂದು ಡೈರೆಕ್ಟರಿ ಮಾಡಿದೆ. ಮೂರೂ ಒಂದೇ ಡೈರೆಕ್ಟರಿಯಲ್ಲಿ ಫೈಲ್ ಹುಟ್ಟಿಸುತ್ತಿದ್ದರೆ ಲಾಕ್ ಅತ್ತಿಂದಿತ್ತ ಓಡಾಡುವುದರಲ್ಲೇ ಸಮಯ ಹೋಗುತ್ತದೆ.