ಬೆಟ್ಟದ ಸೊಪ್ಪು ಯಾವ ಕಾನೂನಿನದು?

ಕಾನೂನು ಓದುವಾಗ 'ಕಾನೂನಿನ ಮೂಲಗಳು' ಎಂಬ ಪಾಠವನ್ನು ನಾನು ಬಾಯಿಪಾಠ ಮಾಡಿದ್ದೆ. ಶಾಸನ, ಪೂರ್ವನಿರ್ಣಯ (ಮೇಲಿನ ಕೋರ್ಟಿನ ಹಿಂದಿನ ತೀರ್ಪು), ರೂಢಿ. ರೂಢಿ ಹಳೆಯದಾಗಿರಬೇಕು, ನಡುವೆ ತುಂಡಾಗಿರಬಾರದು, ನಿಶ್ಚಿತವಾಗಿರಬೇಕು, ನ್ಯಾಯಕ್ಕೆ ಒಪ್ಪುವಂತಿರಬೇಕು. ಅಂಕವೂ ಚೆನ್ನಾಗಿ ಬಂತು. ಆಮೇಲೆ ಶಿರಸಿಯಲ್ಲಿ ಹಿರಿಯ ವಕೀಲರೊಬ್ಬರ ಆಫೀಸು ಸೇರಿದೆ. ಮೊದಲ ವಾರವೇ ಅವರು ಕೇಳಿದರು.

"ತಂಗಿ, ನಿಮ್ಮನೆ ತೋಟಕ್ಕೆ ಬೆಟ್ಟ ಇದೆ ಅಲ್ವಾ? ಅಲ್ಲಿ ಸೊಪ್ಪು ಕಡೀತೀರಿ. ಯಾವ ಕಾನೂನಿನ ಪ್ರಕಾರ?"

"ಅಜ್ಜನ ಕಾಲದಿಂದ ಕಡೀತಾ ಬಂದಿದ್ದೇವೆ, ಸರ್."

"ಅದು ಕಾನೂನು ಹೌದೋ ಅಲ್ಲವೋ? ಹುಡುಕಿಕೊಂಡು ಬಾ."

ನಮ್ಮ ಕಡೆಯವರಲ್ಲದವರಿಗೆ ಒಂದು ಮಾತು. ಘಟ್ಟದ ಮೇಲೆ ಅಡಿಕೆ ತೋಟದ ಜೊತೆ ಸೊಪ್ಪಿನ ಬೆಟ್ಟ ಇರುತ್ತದೆ. ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆ ತನಕ ಬೆಟ್ಟ ಎನ್ನುವುದು ಇಲ್ಲಿ ಎಲ್ಲರಿಗೂ ಗೊತ್ತಿರುವ ಲೆಕ್ಕ. ಗೊಬ್ಬರಕ್ಕೆ ಸೊಪ್ಪು, ಕೊಟ್ಟಿಗೆಗೆ ದರಕು (ಉದುರಿದ ಒಣ ಎಲೆ), ಒಲೆಗೆ ಒಣ ಕಟ್ಟಿಗೆ ಅಲ್ಲಿಂದ ಬರುತ್ತದೆ. ಬೆಟ್ಟವಿಲ್ಲದ ತೋಟವನ್ನು ಇಲ್ಲಿ ಯಾರೂ ಪೂರ್ತಿ ತೋಟ ಅನ್ನುವುದಿಲ್ಲ.

ಮನೆಗೆ ಹೋಗಿ ಅಪ್ಪಯ್ಯನನ್ನು ಕೇಳಿದೆ. "ಸೊಪ್ಪು ನಮ್ಮದು, ಮರ ಸರ್ಕಾರದ್ದು" ಎಂದರು. ಆ ಮಾತನ್ನು ಚಿಕ್ಕಂದಿನಿಂದ ಕೇಳಿದ್ದೆ. ಅದರೊಳಗೆ ಎಷ್ಟು ಕಾನೂನು ತುಂಬಿದೆ ಎಂದು ಆ ದಿನದವರೆಗೆ ಯೋಚಿಸಿರಲಿಲ್ಲ. ಪಹಣಿ ತೆಗೆದು ನೋಡಿದೆ. ಅಲ್ಲಿಂದ ಕರ್ನಾಟಕ ಭೂ ಕಂದಾಯ ಅಧಿನಿಯಮ, 1964ಕ್ಕೆ ಬಂದೆ. ನಾಲ್ಕು ದಿನ ಹುಡುಕಿದ ಮೇಲೆ 79ನೇ ಕಲಂ ಸಿಕ್ಕಿತು. ರೂಢಿಯಿಂದಾಗಲಿ, ಯಾವುದೋ ಆದೇಶದಿಂದಾಗಲಿ ಜನ ಅನುಭವಿಸುತ್ತಾ ಬಂದ ಸವಲತ್ತುಗಳು ಮುಂದುವರಿಯುತ್ತವೆ ಎಂದು ಅದು ಹೇಳುತ್ತದೆ. ಇಂಥದೇ ಸವಲತ್ತಿನ ಜಮೀನುಗಳಾದ ದಕ್ಷಿಣ ಕನ್ನಡದ ಕುಮ್ಕಿ, ಕೊಡಗಿನ ಜಮ್ಮಾ, ಬಾಣೆಗಳ ಜೊತೆಗೆ ನಮ್ಮ ಜಿಲ್ಲೆಯ ಬೆಟ್ಟ, ಹಾಡಿಗಳನ್ನೂ ಹೆಸರಿಟ್ಟು ಹೇಳಿದೆ. ಅದನ್ನು ಓದಿದಾಗ ಮೈ ಜುಮ್ಮೆಂದಿತು. ಅಜ್ಜ ಕತ್ತಿ ಹಿಡಿದು ಹತ್ತುತ್ತಿದ್ದ ಬೆಟ್ಟ ವಿಧಾನಮಂಡಲದ ಶಾಸನದೊಳಗೆ ಕೂತಿತ್ತು.

ಆದರೆ ಅಲ್ಲಿರುವ ಪದ 'ಸವಲತ್ತು'. 'ಒಡೆತನ' ಅಲ್ಲ. ಭೂಮಿ ಸರ್ಕಾರದ್ದು, ಅನುಭವ ನಮ್ಮದು. ಅಪ್ಪಯ್ಯ ಹೇಳಿದ್ದೂ ಅದನ್ನೇ. ಹಕ್ಕು ಬೇರೆ, ಸವಲತ್ತು ಬೇರೆ ಎಂದು ಪುಸ್ತಕ ಹತ್ತು ಪುಟದಲ್ಲಿ ಹೇಳಿದ್ದು ನನ್ನ ತಲೆಗೆ ಹತ್ತಿರಲಿಲ್ಲ. ಇಲ್ಲಿ ಒಂದೇ ಪದದಲ್ಲಿ ಹತ್ತಿತು.

ಹೀಗೆ ರೂಢಿ ಎಂದರೆ ದೊಡ್ಡದು ಎಂದುಕೊಂಡೆ. ಮುಂದಿನ ಪಾಠ ಅದನ್ನು ತಿದ್ದಿತು.

ಕುಮಟಾ ಕಡೆಯ ಒಬ್ಬ ಹೆಂಗಸು ಆಫೀಸಿಗೆ ಬರುತ್ತಿದ್ದರು. ಅವರ ಮದುವೆ 1990ರಲ್ಲಿ ಆಗಿತ್ತು. ತಂದೆ ತೀರಿಕೊಂಡದ್ದು 1998ರಲ್ಲಿ. ಪಿತ್ರಾರ್ಜಿತ ಜಮೀನು ಹಿಸ್ಸೆಯಾಗಿರಲಿಲ್ಲ. "ಮದುವೆ ಮಾಡಿಕೊಟ್ಟ ಹೆಣ್ಮಕ್ಕಳಿಗೆ ಜಮೀನು ಕೊಡೋ ಪದ್ಧತಿ ನಮ್ಮಲ್ಲಿಲ್ಲ" ಎಂದು ಅವರ ಅಣ್ಣ ಗಟ್ಟಿಯಾಗಿ ಹೇಳುತ್ತಿದ್ದರು. ಅದೂ ಹಳೆಯ ರೂಢಿಯೇ ಅಲ್ವಾ? 1868ರಲ್ಲಿ ಬ್ರಿಟಿಷರ ಕಾಲದ ಕೊನೆಯ ಮೇಲ್ಮನವಿ ಕೋರ್ಟಾಗಿದ್ದ ಪ್ರಿವಿ ಕೌನ್ಸಿಲ್ ಕೂಡ, ಹಿಂದೂ ಕಾನೂನಿನಲ್ಲಿ ಸ್ಪಷ್ಟವಾಗಿ ಸಾಬೀತಾದ ರೂಢಿ ಗ್ರಂಥದ ಮಾತಿಗಿಂತ ಮೇಲು ಎಂದಿತ್ತು. ಆದರೆ 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮದ 4ನೇ ಕಲಂ, ಈ ಕಾನೂನು ಹೇಳಿದ ವಿಷಯದಲ್ಲಿ ಹಳೆಯ ಗ್ರಂಥವೂ ನಡೆಯದು, ರೂಢಿಯೂ ನಡೆಯದು ಎನ್ನುತ್ತದೆ. ಬೆಟ್ಟದ ವಿಷಯದಲ್ಲಿ ರೂಢಿಗೆ ಬಾಗಿಲು ತೆರೆದದ್ದು ಶಾಸನ. ಪಾಲಿನ ವಿಷಯದಲ್ಲಿ ಬಾಗಿಲು ಹಾಕಿದ್ದೂ ಶಾಸನ. ಶಾಸನ, ರೂಢಿ ಎಂದು ಎರಡು ಬೇರೆ ಅಧ್ಯಾಯ ಓದಿದರೆ ಇದು ಕಾಣುವುದೇ ಇಲ್ಲ. ಎರಡನ್ನೂ ಎದುರುಬದುರು ಕೂರಿಸಬೇಕು.

ಆ ಹೆಂಗಸಿಗೆ ಮೂರು ಸಲ ಮೂರು ಉತ್ತರ ಹೇಳಬೇಕಾಯಿತು. ಹಳೆಯ ಹಿಂದೂ ಕಾನೂನಿನ ಗ್ರಂಥವಾದ ಮಿತಾಕ್ಷರದ ಲೆಕ್ಕದಲ್ಲಿ, ಪಿತ್ರಾರ್ಜಿತ ಆಸ್ತಿಯಲ್ಲಿ ಹುಟ್ಟಿನಿಂದ ಪಾಲು ಮಗನಿಗೆ ಮಾತ್ರ ಇತ್ತು. ಮಿತಾಕ್ಷರ ಬರೆದ ವಿಜ್ಞಾನೇಶ್ವರ ನಮ್ಮ ಕಲ್ಯಾಣದಲ್ಲೇ ಇದ್ದವನು. ಆ ಪಾಲನ್ನು ಕರ್ನಾಟಕ 1994ರ ತಿದ್ದುಪಡಿಯಲ್ಲಿ ಮಗಳಿಗೂ ಕೊಟ್ಟಿತು. ಆದರೆ ಅದಕ್ಕೂ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. ಸಂಸತ್ತು 2005ರಲ್ಲಿ ಆ ಭೇದ ತೆಗೆಯಿತು. ಜಾರಿಗೆ ಬಂದದ್ದು 2005ರ ಸೆಪ್ಟೆಂಬರ್ 9ರಂದು. ಆ ದಿನ ತಂದೆ ಬದುಕಿರಬೇಕು ಎಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಪೀಠ 2015ರಲ್ಲಿ ಫೂಲವತಿ ಪ್ರಕರಣದಲ್ಲಿ ಹೇಳಿತು. ಅದು ಕರ್ನಾಟಕದಿಂದಲೇ ಹೋದ ಪ್ರಕರಣ. ಹಾಗಾಗಿ 2017ರಲ್ಲಿ ನಾವು "ಅಣ್ಣಂದಿರ ಸಮಕ್ಕೆ ಬರುವುದಿಲ್ಲಮ್ಮ, ಅಪ್ಪನ ಭಾಗದಲ್ಲಿ ಬರುವ ಸಣ್ಣ ಪಾಲು ಮಾತ್ರ" ಎಂದೆವು. ಅವರು ಏನೂ ಹೇಳದೆ ಚೀಲ ಎತ್ತಿಕೊಂಡು ಹೋದರು. 2018ರಲ್ಲಿ ಮತ್ತೊಂದು ಇಬ್ಬರ ಪೀಠ ಬೇರೆ ದಿಕ್ಕಿಗೆ ತಿರುಗಿತು. "ಸ್ವಲ್ಪ ತಾಳಿ" ಎಂದೆವು. 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಮೂವರ ಪೀಠ, ಹಕ್ಕು ಹುಟ್ಟಿನಿಂದ ಬರುವುದು, ತಂದೆ ಆ ದಿನ ಬದುಕಿರಬೇಕಿಲ್ಲ ಎಂದು ತೀರ್ಮಾನಿಸಿತು. ಸಂಜೆ ನಾನೇ ಅವರಿಗೆ ಫೋನ್ ಮಾಡಿದೆ.

2005ರಿಂದ 2020ರವರೆಗೆ, ಮಗಳ ಪಾಲು ಹೇಳುವ 6ನೇ ಕಲಮಿನ ಒಂದು ಅಕ್ಷರವೂ ಬದಲಾಗಲಿಲ್ಲ. ಬದಲಾದದ್ದು ಅರ್ಥ. ಸಂವಿಧಾನದ 141ನೇ ವಿಧಿಯ ಪ್ರಕಾರ ಸುಪ್ರೀಂ ಕೋರ್ಟ್ ಸಾರಿದ ಕಾನೂನು ಎಲ್ಲ ಕೋರ್ಟುಗಳಿಗೂ ಬದ್ಧ. ಇಬ್ಬರ ಪೀಠದ ಮಾತನ್ನು ಮೂವರ ಪೀಠ ತೆಗೆದುಹಾಕಬಹುದು. ಪೂರ್ವನಿರ್ಣಯ ಎಂದರೆ ಏನು ಎಂದು ನನಗೆ ಕಲಿಸಿದ್ದು ಆ ಹೆಂಗಸಿನ ಮೂರು ಭೇಟಿಗಳು. ಅಂದಿನಿಂದ ತೀರ್ಪು ಓದಲು ಕೂತರೆ ಮೊದಲು ನ್ಯಾಯಮೂರ್ತಿಗಳು ಎಷ್ಟು ಜನ ಎಂದು ಎಣಿಸುತ್ತೇನೆ. ಆಮೇಲೆ ಕೋರ್ಟಿನ ಮುಂದಿದ್ದ ಪ್ರಶ್ನೆಯನ್ನು ನನ್ನ ಮಾತಿನಲ್ಲಿ ಒಂದೇ ವಾಕ್ಯದಲ್ಲಿ ಬರೆದುಕೊಳ್ಳುತ್ತೇನೆ. ಆ ಪ್ರಶ್ನೆಗೆ ಉತ್ತರ ಕೊಡಲು ಯಾವ ಕಾರಣ ಬೇಕಾಯಿತೋ ಅದೇ ಮುಂದಿನ ಕೋರ್ಟಿಗೆ ಬದ್ಧವಾಗುವ ಭಾಗ. ಉಳಿದ ಮಾತು ಎಷ್ಟೇ ಚಂದ ಇದ್ದರೂ ಅದು ಬದಿಯ ಮಾತು.

ಈಗ ಭಾನುವಾರ ಕೆಲವು ವಿದ್ಯಾರ್ಥಿಗಳು ನನ್ನ ಹತ್ತಿರ ಬರುತ್ತಾರೆ. ಪುಸ್ತಕ ಆಮೇಲೆ ನೋಡೋಣ, ಮೊದಲು ಮನೆಯ ಒಂದು ಕಾಗದ ತನ್ನಿ ಎನ್ನುತ್ತೇನೆ. ಪಹಣಿ, ಮನೆ ತೆರಿಗೆ ರಸೀದಿ, ರೇಷನ್ ಕಾರ್ಡ್, ಯಾವುದಾದರೂ ಸರಿ. ಈ ಕಾಗದಕ್ಕೆ ಬಲ ಎಲ್ಲಿಂದ ಬಂತು ಎಂದು ಹಿಂದಕ್ಕೆ ನಡೆಯುತ್ತೇವೆ. ಆದೇಶದಿಂದ ನಿಯಮಕ್ಕೆ, ನಿಯಮದಿಂದ ಅಧಿನಿಯಮಕ್ಕೆ, ಅಲ್ಲಿಂದ ಸಂವಿಧಾನಕ್ಕೆ.

ಕಾರವಾರದ ಬೈತಖೋಲ ಕಡೆಯ ಒಬ್ಬ ಹುಡುಗ ಬರಿಗೈಯಲ್ಲಿ ಬಂದ. "ನಮ್ಮನೆಗೆ ಜಮೀನೇ ಇಲ್ಲ, ಮೇಡಂ. ಸಮುದ್ರಕ್ಕೆ ಪಹಣಿ ಇರ್ತದಾ?" ಎಂದ. ನಿಮ್ಮ ಬೋಟ್ ಯಾವಾಗ ದಡದಲ್ಲಿ ನಿಲ್ಲುತ್ತದೆ ಎಂದು ಕೇಳಿದೆ. "ಜೂನ್ 1ರಿಂದ ಜುಲೈ 31, ಅರವತ್ತೊಂದು ದಿನ." ಹಾಗಾದರೆ ಆ ನಿಷೇಧದ ಆದೇಶ ತಾ ಎಂದೆ. ಮುಂದಿನ ವಾರ ತಂದ. ಇಂಥ ಆದೇಶದಲ್ಲಿ 'ಪ್ರದತ್ತವಾದ ಅಧಿಕಾರವನ್ನು ಚಲಾಯಿಸಿ' ಎಂಬ ಸಾಲು ಬರುತ್ತದೆ. ಎಲ್ಲರೂ ಹಾರಿಸಿ ಓದುವ ಸಾಲು ಅದು. ಬೆರಳಿಟ್ಟು ಅದನ್ನೇ ಓದಿಸಿದೆ. ಕರ್ನಾಟಕ ಕಡಲ ಮೀನುಗಾರಿಕೆ ನಿಯಂತ್ರಣ ಅಧಿನಿಯಮ, 1986. ಅದನ್ನು ಮಾಡುವ ಅಧಿಕಾರ ರಾಜ್ಯಕ್ಕೆ ಬಂದದ್ದು ಸಂವಿಧಾನದ ರಾಜ್ಯಪಟ್ಟಿಯಲ್ಲಿರುವ 'ಮೀನುಗಾರಿಕೆ' ಎಂಬ ಒಂದೇ ಪದದಿಂದ. ಹುಡುಗ ಬಹಳ ಹೊತ್ತು ಆ ಪದವನ್ನೇ ನೋಡುತ್ತಿದ್ದ.

ಆಮೇಲೆ ಕೇಳಿದ, "ಹನ್ನೆರಡು ನಾಟಿಕಲ್ ಮೈಲಿ ದಾಟಿ ಹೋದ್ರೆ ಯಾರ ಕಾನೂನು, ಮೇಡಂ? ನಮ್ಮ ಅಪ್ಪ ಹೋಗ್ತಾರೆ."

ಸಂಸತ್ತು ಕಾನೂನು ಮಾಡುವ ವಿಷಯಗಳ ಕೇಂದ್ರಪಟ್ಟಿ ಇರುವ ಪುಟ ತೆಗೆದು ಪುಸ್ತಕವನ್ನು ಅವನ ಮುಂದಿಟ್ಟೆ. ಬೆರಳು ಕೆಳಗೆ ಇಳಿಸುತ್ತಾ ಹೋಗಿ 57ನೇ ನಮೂದಿನ ಮೇಲೆ ನಿಲ್ಲಿಸಿದ. ಪ್ರಾದೇಶಿಕ ಜಲದ ಆಚೆಗಿನ ಮೀನುಗಾರಿಕೆ.